ಗಿಟಾರಿನ ಸುಳಿ

ನಮ್ಮ ಮನೆತನದಲ್ಲಿ ಬಾರಿಸಿ ನೋಡದೆ ಏನನ್ನೂ ಕೊಂಡವರಿಲ್ಲ. ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಾರಿಸುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಕಲ್ಲಂಗಡಿಯನ್ನು ತಟ್ಟುತ್ತೇವೆ. ಮನೆ ಕಟ್ಟುವಾಗ ಇಟ್ಟಿಗೆಗೆ ಇಟ್ಟಿಗೆ ತಾಗಿಸಿ, ಟಣ್ ಅಂದರೆ ಮಾತ್ರ ಲಾರಿಯಿಂದ ಇಳಿಸಿಕೊಳ್ಳುತ್ತೇವೆ. ಹೀಗಿರುವಾಗ, ಬಾರಿಸುವುದಕ್ಕೆಂದೇ ಮಾಡಿದ ಒಂದು ವಸ್ತುವನ್ನು ಕೊಳ್ಳುವುದು ನಮಗೆ ಎಲ್ಲಕ್ಕಿಂತ ಸುಲಭ ಆಗಬೇಕಿತ್ತು. ಆಗಲಿಲ್ಲ. ಎರಡು ವರ್ಷದ ಹಿಂದೆ ಒಂದು ಗಿಟಾರ್ ಕೊಳ್ಳಲು ನಾನು ಪಟ್ಟ ಪಾಡನ್ನು ಮಗಳಿಗೆ ಗಂಡು ಹುಡುಕುವಾಗಲೂ ಪಟ್ಟಿರಲಿಲ್ಲ.

ನುಡಿಸುವವಳು ನಾನು. ಆದರೆ ಕೇಳಬೇಕಾದವರು ಹರಿಹರದಲ್ಲಿರುವ ನನ್ನ ಸೋದರಮಾವ. ನನಗೆ ಗಿಟಾರ್ ಹಿಡಿಯುವುದನ್ನು ಕಲಿಸಿದವರೇ ಅವರು. ಅವರ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಹೋಗುತ್ತಾ ಇತ್ತು. ಅದೂ ಮುಚ್ಚುವ ಮೊದಲು, ಅವರು ಕಲಿಸಿದ್ದನ್ನು ಅವರಿಗೇ ಒಮ್ಮೆ ನುಡಿಸಿ ಕೇಳಿಸಬೇಕು ಅನ್ನುವುದು ನನ್ನ ಆಸೆ. ಈ ಆಸೆ ತಲೆಗೆ ಹೊಕ್ಕ ಮೇಲೆ ನಮ್ಮ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಾಗಲೂ ನನ್ನ ಬೆರಳುಗಳು ಸುಮ್ಮನಿರುತ್ತಿರಲಿಲ್ಲ.

ನಾನು ಹೇಳುತ್ತಿರುವುದು ಸಿನಿಮಾದಲ್ಲಿ ಹೀರೋ ಕುತ್ತಿಗೆಗೆ ನೇತುಹಾಕಿಕೊಂಡು ಗುಡ್ಡದ ಮೇಲೆ ಕುಣಿಯುವ ಗಿಟಾರಿನ ವಿಷಯ ಅಲ್ಲ. ಅದಕ್ಕೆ ಉಕ್ಕಿನ ತಂತಿ. ಇದಕ್ಕೆ ನೈಲಾನ್ ತಂತಿ, ಅಗಲವಾದ ಕುತ್ತಿಗೆ. ಕೂತು, ತೊಡೆಯ ಮೇಲೆ ಇಟ್ಟುಕೊಂಡು, ಬರಿ ಬೆರಳಿನಿಂದ ಮೀಟಬೇಕು. ಕ್ಲಾಸಿಕಲ್ ಗಿಟಾರ್ ಅನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಇಡೀ ಹರಿಹರದಲ್ಲಿ ಇಂಥದ್ದು ಇದ್ದದ್ದು ನಮ್ಮ ಮಾವನ ಹತ್ತಿರ ಮಾತ್ರ ಎಂದು ನಾನು ನಂಬಿದ್ದೆ. ಈಗಲೂ ಆ ನಂಬಿಕೆ ಬಿಟ್ಟಿಲ್ಲ.

ಮಾವ ಅಲ್ಲಿಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ದಿನವೆಲ್ಲಾ ಕಬ್ಬಿಣದ ತಗಡು ಬಡಿಯುವ ಶೆಡ್ಡು ಅವರದು. ವರ್ಗವಾಗಿ ಊರು ಬಿಟ್ಟ ಇಂಜಿನಿಯರೊಬ್ಬರು ಮನೆ ಖಾಲಿ ಮಾಡುವಾಗ ಕುರ್ಚಿ, ಮೇಜು, ಹೂವಿನ ಕುಂಡದ ಜೊತೆ ಒಂದು ಗಿಟಾರನ್ನೂ ಮಾರಾಟಕ್ಕೆ ಇಟ್ಟಿದ್ದರಂತೆ. ಮಾವ ಕುರ್ಚಿ ತರಲು ಹೋದವರು ಗಿಟಾರ್ ತಂದರು. ಅತ್ತೆ ಎಷ್ಟೋ ವರ್ಷ ಆ ಕುರ್ಚಿಯನ್ನು ಮರೆಯಲಿಲ್ಲ. ಮನೆಗೆ ನೆಂಟರು ಬಂದು ಚಾಪೆಯ ಮೇಲೆ ಕೂತಾಗಲೆಲ್ಲ, "ಕುರ್ಚಿ ನುಡೀತಾ ಐತೆ ನೋಡ್ರಿ ಅಲ್ಲಿ" ಎಂದು ಒಳಕೋಣೆಯ ಕಡೆ ಕೈ ತೋರಿಸುತ್ತಿದ್ದರು.

ಬೇಸಿಗೆ ರಜೆ ಬಂತೆಂದರೆ ನಾನು ದಾವಣಗೆರೆಯಿಂದ ಬಸ್ಸು ಹತ್ತಿ ಮಾವನ ಮನೆಗೆ ಹೋಗಿಬಿಡುತ್ತಿದ್ದೆ. ಕಾರ್ಖಾನೆಯ ಕ್ವಾರ್ಟರ್ಸಿನ ಎರಡು ಕೋಣೆಯ ಮನೆ. ಮುಂದೆ ಒಂದು ಬೇವಿನ ಗಿಡ. ಮಾವ ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಮಂಡಕ್ಕಿ ಮೆಣಸಿನಕಾಯಿ ತಿಂದು, ಎಣ್ಣೆ ಕೈಯನ್ನು ಮತ್ತೊಮ್ಮೆ ಸೋಪು ಹಚ್ಚಿ ತೊಳೆದು ಗಿಟಾರ್ ಎತ್ತಿಕೊಳ್ಳುತ್ತಿದ್ದರು. ನುಡಿಸುವ ಮೊದಲು ಕಾಯುತ್ತಿದ್ದರು. ಏನಕ್ಕೆ ಎಂದರೆ ಕಾರ್ಖಾನೆಯ ಸೈರನ್ನಿಗೆ. ಮುಂದಿನ ಪಾಳಿ ಶುರುವಾಗುವ ಹೊತ್ತಿಗೆ ಸೈರನ್ ಮೊದಲು ಗೊರಗೊರ ಅಂದು, ಏರಿ ಏರಿ, ಒಂದೇ ಸ್ವರದಲ್ಲಿ ನೆಟ್ಟಗೆ ನಿಲ್ಲುತ್ತಿತ್ತು. ನಿಂತ ಕೂಡಲೇ ಮಾವ ಮೇಲಿನಿಂದ ಎರಡನೆಯ ತಂತಿಯನ್ನು ಮೀಟಿ, ಬಿರಡೆ ತಿರುಗಿಸಿ, ಆ ಸ್ವರಕ್ಕೆ ಸೇರಿಸಿಬಿಡುತ್ತಿದ್ದರು. ಉಳಿದ ಐದು ತಂತಿ ಆ ತಂತಿಯ ಹಿಂದೆ ಬರುತ್ತಿದ್ದವು. ಊರಿನವರು ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಂಡರೆ ನಮ್ಮ ಮಾವ ಗಿಟಾರ್ ಸರಿಮಾಡಿಕೊಳ್ಳುತ್ತಿದ್ದರು. ಮುಂದೆ ಕಾರ್ಖಾನೆ ಮುಚ್ಚಿದಾಗ, "ಇನ್ನು ಹರಿಹರದಾಗೆ ಯಾರ ಗಿಟಾರೂ ಶ್ರುತಿಗೆ ಇರಾಕಿಲ್ಲ" ಎಂದು ನಕ್ಕಿದ್ದರು. ಆ ನಗುವಿನಲ್ಲಿ ಎಷ್ಟು ಸಂಕಟ ಇತ್ತು ಅನ್ನುವುದು ನನಗೆ ಆಗ ತಿಳಿಯಲಿಲ್ಲ.

ಅವರಿಗೆ ಗುರು ಇರಲಿಲ್ಲ. ಇಂಜಿನಿಯರರ ಮನೆಯಿಂದ ಗಿಟಾರಿನ ಜೊತೆ ಬಂದ ಒಂದು ಹರಿದ ಪುಸ್ತಕ, ಒಂದು ಕ್ಯಾಸೆಟ್ಟು, ಇಷ್ಟೇ. ಅವರೇ ಕಟ್ಟಿದ ಒಂದು ಪುಟ್ಟ ರಚನೆ ಇತ್ತು. ರೈಲು ಹರಿಹರ ಸ್ಟೇಷನ್ ಬಿಟ್ಟು ಹೊಳೆ ದಾಟುವುದು ಅದರ ವಿಷಯ. ಮೊದಲು ಹೆಬ್ಬೆರಳು ದಪ್ಪ ತಂತಿಗಳ ಮೇಲೆ ನಿಧಾನಕ್ಕೆ ನಡೆಯುತ್ತದೆ. ಆಮೇಲೆ ಓಡುತ್ತದೆ. ತುಂಗಭದ್ರೆಯ ಸೇತುವೆ ಬಂದಾಗ ಗಾಲಿಯ ಸದ್ದು ಬದಲಾಗುತ್ತದಲ್ಲ, ಕೆಳಗೆ ನೆಲ ಹೋಗಿ ಬರೀ ಗಾಳಿ ಇದ್ದಂತೆ, ಹಾಗೆ ಮೂರೂ ದಪ್ಪ ತಂತಿಗಳು ಒಟ್ಟಿಗೆ ಗುಡುಗಬೇಕು. ಅಲ್ಲಿ ನಾನು ತಪ್ಪಿದರೆ ಮಾವ, "ಏ ಹುಡುಗಿ, ರೈಲು ಹೊಳೆಗೆ ಬಿತ್ತು, ಮತ್ತೆ ಸ್ಟೇಷನ್ನಿಂದ ಹೊರಡು" ಅನ್ನುತ್ತಿದ್ದರು. ಒಂದು ಇಡೀ ಬೇಸಿಗೆಯಲ್ಲಿ ನಾನು ಎಷ್ಟು ರೈಲು ಮುಳುಗಿಸಿದೆನೋ ಲೆಕ್ಕವಿಲ್ಲ.

ಅತ್ತೆ ಲೋಕಿಕೆರೆಯ ಒಕ್ಕಲು ಮನೆತನದವರು. ದನ, ಹೊಲ, ಬೀಜ ಇವುಗಳ ಬಗ್ಗೆ ಅವರು ಆಡಿದ ಮಾತಿಗೆ ಎದುರಿಲ್ಲ. ಸಂಗೀತದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಒಂದೇ ಗಾದೆ. ಮಾವ ನನಗೆ ನುಡಿಸಿ ತೋರಿಸಿದರೆ, "ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ" ಅನ್ನುವರು. ನಾನು ಮಾವನಿಗೆ ನುಡಿಸಿ ಒಪ್ಪಿಸಿದರೂ ಅದೇ ಗಾದೆ. ಒಮ್ಮೆ ಕೋಣ ನಾನು, ಒಮ್ಮೆ ಮಾವ. ನಾವಿಬ್ಬರೂ ಅದಕ್ಕೆ ಎಷ್ಟು ಒಗ್ಗಿಹೋಗಿದ್ದೆವೆಂದರೆ, ಅಡಿಗೆಮನೆಯಿಂದ ಆ ಮಾತು ಬಂದ ಮೇಲೆಯೇ ಪಾಠ ಶುರುವಾಯಿತು ಎಂದು ಲೆಕ್ಕ.

ಆ ಗಿಟಾರ್ ಹಾಳಾದದ್ದು ಒಂದು ತಪ್ಪು ತಿಳುವಳಿಕೆಯಿಂದ. ನೈಲಾನ್ ತಂತಿ ನಮ್ಮ ಕಡೆ ಸಿಗುತ್ತಿರಲಿಲ್ಲ. ತೆಳು ತಂತಿ ಹರಿದಾಗ ಮಾವ ಹೊಳೆಯ ಮೀನುಗಾರರ ಹತ್ತಿರ ಹೋಗಿ ಗಾಳದ ದಾರ ತಂದು ಕಟ್ಟಿದರು. ನಿಜವಾಗಿಯೂ ಚೆನ್ನಾಗಿ ನುಡಿಯಿತು. ದಪ್ಪ ತಂತಿಗಳು ಹರಿದಾಗ ಗಾಳದ ದಾರ ಸಾಲಲಿಲ್ಲ. ದಾವಣಗೆರೆಯ ಯಾವುದೋ ಅಂಗಡಿಯವನು, "ಗಿಟಾರ್ ತಂತಿ ಅಂದ್ರೆ ಗಿಟಾರ್ ತಂತಿ, ಅದರಾಗೇನ್ ಜಾತಿ" ಎಂದು ಉಕ್ಕಿನ ತಂತಿಗಳನ್ನು ಕೊಟ್ಟು ಕಳಿಸಿದ. ಮಾವನೂ ನಂಬಿದರು. ಉಕ್ಕಿನ ತಂತಿಯ ಎಳೆತ ನೈಲಾನಿನದಕ್ಕಿಂತ ಬಹಳ ಹೆಚ್ಚು, ಆ ಹಗುರ ಹಲಗೆ ತಡೆಯುವಂಥದ್ದಲ್ಲ. ಕೆಲವು ವಾರಗಳಲ್ಲಿ ಗಿಟಾರಿನ ಹೊಟ್ಟೆ ಉಬ್ಬಿತು. ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ, ಒಳಕೋಣೆಯಲ್ಲಿ ಢಬ್ ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ತಂತಿ ಕಟ್ಟುವ ಪಟ್ಟಿ ಹಲಗೆಯನ್ನೇ ಕಿತ್ತುಕೊಂಡು ಎದ್ದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಾವ ತಟ್ಟೆಯ ಮುಂದೆ ವಾಪಸು ಕೂತು ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡರು. ಆಮೇಲೆ ಆ ಗಿಟಾರು ಅಟ್ಟ ಸೇರಿತು. ಅತ್ತೆ ಅದರೊಳಗೆ ಹೀರೇಕಾಯಿ ಬೀಜದ ಗಂಟು ಇಡುತ್ತಿದ್ದರು, ಇಲಿಗೆ ಗೊತ್ತಾಗುವುದಿಲ್ಲ ಎಂದು.

ನನಗೆ ಮದುವೆಯಾಯಿತು. ನಾನು ಬಟ್ಟೆ ವ್ಯಾಪಾರದ ಮನೆಯಲ್ಲಿ ಹುಟ್ಟಿ ಬಟ್ಟೆ ವ್ಯಾಪಾರದ ಮನೆಗೇ ಬಂದೆ. ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮ ಅಂಗಡಿ. ಮಕ್ಕಳು, ಗಿರಾಕಿಗಳು, ಮದುವೆ ಸೀಸನ್ನು, ಹಬ್ಬದ ಸೀಸನ್ನು ಎನ್ನುತ್ತಾ ನನ್ನ ತಲೆಕೂದಲು ಬೆಳ್ಳಗಾದವು. ಗಿಟಾರನ್ನು ನಾನು ಮರೆತೇಬಿಟ್ಟಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ರೈಲು ಹತ್ತಿ ಹುಬ್ಬಳ್ಳಿ ಕಡೆ ಹೋಗುವಾಗ ಸೇತುವೆಯ ಮೇಲೆ ನನ್ನ ಹೆಬ್ಬೆರಳು ತಾನೇ ಅಲ್ಲಾಡುತ್ತಿತ್ತು.

ಮಾವನ ಕಿವಿಯ ವಿಷಯ ಗೊತ್ತಾದದ್ದು ಅವರ ಮೊಮ್ಮಗುವಿನ ನಾಮಕರಣದಲ್ಲಿ. ಏನು ಕೇಳಿದರೂ "ಹ್ಞೂಂ, ಚೆನ್ನಾಗೈತೆ" ಅನ್ನುತ್ತಿದ್ದರು. ಊಟ ಆಯ್ತಾ ಅಂದರೂ ಚೆನ್ನಾಗೈತೆ. ಯಾವ ಬಸ್ಸಿಗೆ ಬಂದ್ರಿ ಅಂದರೂ ಚೆನ್ನಾಗೈತೆ. ಜನ ನಕ್ಕರು, ಅವರೂ ನಕ್ಕರು. ತಗಡು ಬಡಿಯುವ ಶೆಡ್ಡಿನಲ್ಲಿ ಅಷ್ಟು ವರ್ಷ ನಿಂತದ್ದರ ಫಲ ಇದು ಎಂದು ಡಾಕ್ಟರು ಹೇಳಿದ್ದರಂತೆ. ಕಿವಿಗೆ ಮಿಷನ್ ಕೊಡಿಸಿದ್ದೂ ಆಗಿತ್ತು. "ಅದನ್ನ ಹಾಕ್ಕೊಂಡ್ರೆ ಪಾತ್ರೆ ಅಂಗಡಿಯೊಳಗೆ ಕೂತಂಗೆ ಆಗ್ತೈತೆ, ಬ್ಯಾಡ" ಎಂದು ತೆಗೆದು ಇಟ್ಟಿದ್ದರು. ಅವತ್ತು ನಾನು ಇನ್ನೊಂದನ್ನು ಗಮನಿಸಿದೆ. ಅತ್ತೆ ಇಡೀ ದಿನ ಆ ಗಾದೆಯನ್ನು ಒಮ್ಮೆಯೂ ಹೇಳಲಿಲ್ಲ. ಕಿನ್ನರಿ ಅನ್ನುವ ಶಬ್ದವೇ ಆ ಮನೆಯಿಂದ ಎದ್ದು ಹೋದಂತಿತ್ತು. ನನಗೆ ಅಲ್ಲಿಯೇ ಅಳು ಬಂತು, ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡೆ.

ಮನೆಗೆ ಬಂದವಳೇ ಯಾವ ಗಿಟಾರ್ ಕೊಳ್ಳಬೇಕೆಂದು ಓದಲು ಕೂತೆ. ಮೊಬೈಲಿನಲ್ಲಿ ಯಾವ ಕಂಪನಿ ಒಳ್ಳೆಯದು ಎಂದು ಕೇಳಿದರೆ ಸಾಕು, ಲೋಕದ ಪಂಡಿತರೆಲ್ಲ ಎದ್ದು ಬರುತ್ತಾರೆ. ಒಬ್ಬ ಹೊಗಳಿದ ಕಂಪನಿಯನ್ನು ಇನ್ನೊಬ್ಬ ಸೌದೆಗೆ ಹಾಕು ಅನ್ನುತ್ತಾನೆ. ಒಬ್ಬ ಸ್ಪೇನಿನದೇ ಆಗಬೇಕು ಅನ್ನುತ್ತಾನೆ, ಇನ್ನೊಬ್ಬ ಹೆಸರು ಸ್ಪೇನಿನದು, ಮಾಡುವುದು ಬೇರೆ ಕಡೆ ಅನ್ನುತ್ತಾನೆ. ನಮ್ಮ ಮನೆಯವರು ನನ್ನ ಹೆಗಲ ಮೇಲಿಂದ ಇಣುಕಿ, "ಮದುವೆ ಬ್ರೋಕರ್‌ಗಳೂ ಇಷ್ಟು ಸುಳ್ಳು ಹೇಳಂಗಿಲ್ಲ" ಎಂದು ಹೋದರು.

ಆದರೆ ಬಟ್ಟೆ ಅಂಗಡಿಯವಳಿಗೆ ಹೆಸರಿನ ಮಹಿಮೆ ಹೊಸದಲ್ಲ. ನಮ್ಮ ಅಪ್ಪನ ಕಾಲದಲ್ಲಿ ಬಟ್ಟೆಯ ಥಾನಿನ ಅಂಚಿನ ಮೇಲೆ ಮಿಲ್ಲಿನ ಹೆಸರು ಅಚ್ಚು ಹಾಕಿರುತ್ತಿತ್ತು. ಹಳ್ಳಿಯಿಂದ ಬಂದ ಗಿರಾಕಿ ಅಂಚು ನೋಡುತ್ತಿದ್ದ, ಅಪ್ಪ ನಡುವಿನ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡುತ್ತಿದ್ದರು. ಒಂದೇ ಮಿಲ್ಲಿನ ಅಚ್ಚು, ಒಂದು ಥಾನು ಬೆಣ್ಣೆ, ಇನ್ನೊಂದು ಗೋಣಿ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ಗಿಟಾರಿನಲ್ಲೂ ಅದೇ ಕತೆ ಎಂದು ನಾನು ಬೇಗ ಅರ್ಥ ಮಾಡಿಕೊಂಡೆ. ಒಂದೇ ಕಂಪನಿ ಇಡೀ ಮರದ ಹಲಗೆ ಹಾಕಿದ್ದನ್ನೂ ಮಾರುತ್ತದೆ, ಪ್ಲೈವುಡ್ ಹಾಕಿ ಮೇಲೆ ತೆಳ್ಳನೆ ಮರದ ಪದರ ಅಂಟಿಸಿದ್ದನ್ನೂ ಮಾರುತ್ತದೆ. ಎರಡಕ್ಕೂ ಒಂದೇ ಚೀಟಿ. ಇಡೀ ಮರ ತುಂಬಾ ಅದುರುತ್ತದೆ, ಪ್ಲೈ ಅಷ್ಟು ಅದುರುವುದಿಲ್ಲ. ವ್ಯತ್ಯಾಸ ಕಂಡುಹಿಡಿಯಲು ನಡುವಿನ ತೂತಿನ ಅಂಚು ನೋಡಬೇಕು. ಮುಖದ ಮೇಲಿನ ಗೆರೆಗಳು ಅಂಚಿನಲ್ಲಿ ಹಾಗೆಯೇ ಕೆಳಗಿಳಿದರೆ ಇಡೀ ಮರ. ಇಷ್ಟು ತಿಳಿದುಕೊಂಡ ಮೇಲೂ ನನ್ನ ಮನಸ್ಸು ಒಂದು ದೊಡ್ಡ ಹೆಸರಿನ ಕಡೆಗೇ ವಾಲಿತ್ತು. ಬೇರೆಯವರಿಗೆ ಬುದ್ಧಿ ಹೇಳುವುದು ಸುಲಭ.

ಒಂದು ಬೆಳಿಗ್ಗೆ ಮಾವ, ಅತ್ತೆಯನ್ನು ದಾವಣಗೆರೆಗೆ ಕರೆಸಿಕೊಂಡೆ. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಬಸ್ಸಿಳಿದ ಕೂಡಲೇ ಬೆಣ್ಣೆ ದೋಸೆ ತಿನ್ನಿಸಿ, ವಾದ್ಯದ ಅಂಗಡಿಗೆ ಕರೆದುಕೊಂಡು ಹೋದೆ. ಕೆಳಗೆ ಶಾಲೆಯ ಬ್ಯಾಂಡಿನ ಡ್ರಮ್ಮು, ಹಾರ್ಮೋನಿಯಂ, ತಬಲ. ಮೇಲೆ ಮಹಡಿಯಲ್ಲಿ ಗಿಟಾರುಗಳು ಸಾಲಾಗಿ ನೇತಾಡುತ್ತಿದ್ದವು. ಮೆಟ್ಟಿಲು ಹತ್ತಿ ಬಂದ ಅತ್ತೆ ಅವನ್ನೆಲ್ಲ ಒಮ್ಮೆ ನೋಡಿ, "ಇವುಕ್ಕೆ ಎಷ್ಟೊಂದು ಕುರ್ಚಿ ಬರ್ತಿದ್ವು" ಅಂದರು.

ಅಂಗಡಿಯವರು ಒಂದು ಮಿರಮಿರ ಮಿಂಚುವ ಗಿಟಾರ್ ಕೆಳಗಿಳಿಸಿದರು. ನಾನು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದ ಅದೇ ದೊಡ್ಡ ಹೆಸರು.

"ಅಕ್ಕಾರೆ, ಅಸಲಿ ಮಾಲು. ಹೆಸರೇ ಸಾಕು. ಕಣ್ಣು ಮುಚ್ಚಿ ತಗೊಂಡ್ ಹೋಗ್ರಿ."

"ಕಣ್ಣು ಮುಚ್ಚಿ ತಗೊಳ್ಳಾಕೆ ಬಂದಿಲ್ಲ. ಕಿವಿ ತೆರೆದು ತಗೊಳ್ಳಾಕೆ ಬಂದೀವಿ" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಾವ ಪಕ್ಕದಲ್ಲೇ ಇದ್ದರು. ಅವರಿಗೆ ಅದು ಕೇಳಿಸಿಯೇ ಇರಲಿಲ್ಲ, ಅದೇ ಇನ್ನೂ ಚುಚ್ಚಿತು.

ನಾನು ಕುತ್ತಿಗೆಯ ಉದ್ದಕ್ಕೂ ಒಂದೇ ಕಣ್ಣಿನಿಂದ ನೋಡಿದೆ, ಬಡಗಿ ಹಲಗೆ ನೋಡುವ ಹಾಗೆ. ನೆಟ್ಟಗಿತ್ತು. ತೂತಿನ ಅಂಚು ನೋಡಲು ಹೋದರೆ ಅಲ್ಲಿ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರು. ಸೀರೆಯ ಅಂಚನ್ನು ಮಡಚಿ ಹೊಲಿದಿದ್ದರೆ ನಾವು ಮೊದಲು ಬಿಚ್ಚಿ ನೋಡುತ್ತೇವೆ. ಇಲ್ಲಿ ಬಿಚ್ಚುವಂತಿರಲಿಲ್ಲ. ಕೂತು ಮೀಟಿದೆ. ದನಿ ಸೊಗಸಾಗಿತ್ತು, ಸಕ್ಕರೆ ಹಾಕಿದ ಹಾಲಿನ ಹಾಗೆ. ಮಾವನ ಕಡೆ ನೋಡಿದೆ.

"ಹ್ಞೂಂ, ಚೆನ್ನಾಗೈತೆ" ಅಂದರು.

ಇನ್ನೊಂದು ಕಂಪನಿಯದನ್ನು ಮೀಟಿದೆ. "ಇದೂ ಚೆನ್ನಾಗೈತೆ." ಬೇಕೆಂದೇ ಒಂದು ತಂತಿಯನ್ನು ಸಡಿಲ ಮಾಡಿ ಅಪಸ್ವರ ಬಾರಿಸಿದೆ. ಅಂಗಡಿಯವರು ಮುಖ ಕಿವುಚಿದರು. ಮಾವ, "ಚೆನ್ನಾಗೈತೆ" ಎಂದು ತಲೆಯಾಡಿಸಿದರು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ. "ಮಾವ, ನಿಜ ಹೇಳ್ರಿ. ಕೇಳಿಸ್ತೋ, ಇಲ್ಲೋ?" ಎಂದು ಅವರ ಮುಖದ ಎದುರಿಗೇ ಕೂಗಿದೆ. ಕೆಳಗೆ ಡ್ರಮ್ಮು ನೋಡುತ್ತಿದ್ದವರು ಮೆಟ್ಟಿಲ ಕಡೆ ತಿರುಗಿದರು. ಮಾವ ತಮ್ಮ ಕೈಗಳನ್ನು ನೋಡಿಕೊಂಡು ಮೆಲ್ಲಗೆ, "ನಿನ್ನ ಬೆರಳು ಕಾಣ್ತಾವಲ್ಲವ್ವ. ಬೆರಳು ಸರಿಯಾಗಿ ಹೋಗ್ತಾವೆ" ಅಂದರು.

ಅಂದರೆ ಉಳಿದಿದ್ದ ಕಿವಿಯೂ ಹೋಗಿತ್ತು. ನಾನು ತಡ ಮಾಡಿದ್ದೆ. ಗಿಟಾರನ್ನು ಅಂಗಡಿಯವರ ಕೈಗೆ ಕೊಟ್ಟು, "ಬ್ಯಾಡ ಬಿಡ್ರಿ, ಮನೆಗೆ ಹೋಗಾಣ" ಎಂದು ಎದ್ದೆ. ಅತ್ತೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ತಾವೂ ಎದ್ದರು.

ಮಾವ ಮಾತ್ರ ಏಳಲಿಲ್ಲ. "ಇಷ್ಟು ದೂರ ಬಂದೀವಿ, ಒಮ್ಮೆ ಹಿಡ್ಕೊಂಡು ನೋಡ್ತೀನಿ, ಕೊಡ್ರಿ" ಎಂದು ಅಂಗಡಿಯವರ ಕಡೆ ಕೈ ಚಾಚಿದರು. ಮಿಂಚುವ ಗಿಟಾರನ್ನು ತೊಡೆಯ ಮೇಲೆ ಇಟ್ಟು, ಹಳೆಯ ಅಭ್ಯಾಸದಂತೆ ಅದರ ಬೆನ್ನನ್ನು ಎದೆಗೆ ಒತ್ತಿಕೊಂಡು, ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಮೀಟಿದರು. ಸ್ವಲ್ಪ ಹೊತ್ತು ಹಾಗೆಯೇ ಇದ್ದು, "ಇದು ಮಾತಾಡವಲ್ದು" ಎಂದು ವಾಪಸು ಕೊಟ್ಟರು. ಎರಡನೆಯದೂ ಮಾತಾಡಲಿಲ್ಲ. ಆಗ ಮೂಲೆಯಲ್ಲಿ ತೂಗುಹಾಕಿದ್ದ, ಹೊಳಪಿಲ್ಲದ ಒಂದನ್ನು ತೋರಿಸಿದರು.

"ಅದು ಯಾರೂ ಕೇಳಂಗಿಲ್ರಿ ಯಜಮಾನ್ರೆ. ಸಣ್ಣ ಕಂಪನಿ. ಹೆಸರಿಲ್ಲ" ಅಂದರು ಅಂಗಡಿಯವರು. ಒಳಗಿನ ಚೀಟಿ ನೋಡಿದೆ. ಅಷ್ಟು ಪಂಡಿತರಲ್ಲಿ ಒಬ್ಬರೂ ಹೊಗಳದ, ಒಬ್ಬರೂ ತೆಗಳದ ಹೆಸರು.

ಅದು ಮಾವನ ಕೈಗೆ ಹೋಗುವ ಮೊದಲೇ ಅತ್ತೆ ಇಸಿದುಕೊಂಡರು. ಮುಖ ನೋಡಿದರು, ಪಕ್ಕೆ ಸವರಿದರು, ತಿರುಗಿಸಿ ಬೆನ್ನು ನೋಡಿದವರು ಅಲ್ಲೇ ನಿಂತರು. ಬೆನ್ನಿನ ಹಲಗೆಯ ಮೇಲುಭಾಗದಲ್ಲಿ ಮರದ ಗೆರೆಗಳು ಒಂದು ಕಡೆ ಸುತ್ತಿಕೊಂಡು ಗಂಟಿನ ಹಾಗೆ ಕೂತಿದ್ದವು.

"ಸುಳಿ ಐತೆ. ಇದು ಬ್ಯಾಡ."

ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡು ಬೆಳೆದ ಜಾಗಕ್ಕೆ ಸುಳಿ ಅನ್ನುತ್ತಾರೆ. ಅದು ಎಲ್ಲಿರಬೇಕೋ ಅಲ್ಲಿದ್ದರೆ ಮನೆಗೆ ಒಳ್ಳೆಯದು, ಇರಬಾರದ ಕಡೆ ಇದ್ದರೆ ಎತ್ತು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಒಕ್ಕಲಿಗ ಮುಟ್ಟುವುದಿಲ್ಲ. ಅತ್ತೆ ಹುಡುಗಿಯಾಗಿದ್ದಾಗ ಅವರ ಅಪ್ಪನ ಜೊತೆ ದನದ ಸಂತೆಗೆ ಹೋಗುತ್ತಿದ್ದವರು. ಸುಳಿ ನೋಡುವ ಕಣ್ಣು ಅವರದು. ಅಂಗಡಿಯವರು ಕಕ್ಕಾಬಿಕ್ಕಿಯಾದರು. ಗಿಟಾರಿಗೆ ಈ ಪರೀಕ್ಷೆ ಮಾಡುವ ಗಿರಾಕಿ ಅವರಿಗೆ ಅದೇ ಮೊದಲು ಇರಬೇಕು.

"ಅತ್ತೆ, ಇದೇನ್ ಎತ್ತಾ?"

"ಎತ್ತೋ, ಎಂಥದೋ. ಮನೆಯೊಳಗೆ ಕಟ್ಟಿಕೊಳ್ಳೋದು ತಾನೆ. ಬೆನ್ನಿನ ಮ್ಯಾಲೆ ಸುಳಿ ಇರೋದು ಬ್ಯಾಡ ಅಂದ್ರೆ ಬ್ಯಾಡ."

ಕಿವುಡಿಗೂ ಒಂದು ಉಪಯೋಗ ಇದೆ. ಅತ್ತೆಯ ಈ ತೀರ್ಪು ಮಾವನಿಗೆ ಕೇಳಿಸಲೇ ಇಲ್ಲ. ಅವರು ಅತ್ತೆಯ ಕೈಯಿಂದ ಗಿಟಾರ್ ತೆಗೆದುಕೊಂಡು, ಎದೆಗೆ ಒತ್ತಿ, ಮೇಲಿನಿಂದ ಎರಡನೆಯ ತಂತಿಯನ್ನು ಮೀಟಿದರು. ಮೀಟಿದ ಬೆರಳು ಗಾಳಿಯಲ್ಲೇ ನಿಂತಿತು. ಮತ್ತೊಮ್ಮೆ ಮೀಟಿದರು. ಕಣ್ಣು ದೊಡ್ಡದಾಯಿತು. ನನ್ನನ್ನು ನೋಡಿ, ಕಿವುಡರು ಮಾತಾಡುವ ಹಾಗೆ ಗಟ್ಟಿಯಾಗಿ, "ಸೈರನ್ ಆತು" ಅಂದರು.

ಅವರೇ ಎದೆಯ ಗೂಡಿನ ಮೇಲೆ ಅಂಗೈ ಇಟ್ಟು ತೋರಿಸಿದರು. "ಇಲ್ಲಿ. ಸೈರನ್ ಏರಿ ನಿಂತಾಗ ಶೆಡ್ಡಿನಾಗೆ ನಮಗೆಲ್ಲಾ ಇಲ್ಲೇ ಬಡೀತಿತ್ತು. ಹಂಗೇ ಐತೆ."

ಅತ್ತೆ ಗೋಡೆಯ ಕಡೆ ತಿರುಗಿಕೊಂಡರು. ಮಾವ ಒಂದೊಂದೇ ತಂತಿಯನ್ನು ಮೀಟುತ್ತಾ, ಸಂತೆಯಲ್ಲಿ ಹಳೆಯ ಪರಿಚಯದವರು ಸಿಕ್ಕರೆ ಹೇಗೋ ಹಾಗೆ ನಗುತ್ತಿದ್ದರು.

ನಿಜ ಹೇಳಬೇಕೆಂದರೆ ನನ್ನ ಕಿವಿಗೆ ಆ ಗಿಟಾರು ಅಷ್ಟೇನೂ ಹಿಡಿಸಲಿಲ್ಲ. ಈಗಷ್ಟೇ ನಿದ್ದೆಯಿಂದ ಎದ್ದವರ ದನಿಯಂತೆ ಸ್ವಲ್ಪ ಗೊಗ್ಗರು. ನನ್ನ ಕಿವಿಯ ಮಾತು ಕೇಳಿದ್ದರೆ ಮಿಂಚುವುದನ್ನೇ ತರುತ್ತಿದ್ದೆ. ಆದರೆ ಅದು ಮಾವನ ಹತ್ತಿರ ಮಾತಾಡಿರಲಿಲ್ಲ. ಹಾಗೆಂದು ಪರೀಕ್ಷೆಯನ್ನೂ ಬಿಡಲಿಲ್ಲ. ಕುತ್ತಿಗೆ ನೋಡಿದೆ. ಅದರ ಮೇಲಿನ ಪ್ರತಿ ಲೋಹದ ಮೆಟ್ಟಿಲಿನಲ್ಲೂ ಬೆರಳೊತ್ತಿ, ಎಲ್ಲಾದರೂ ತಂತಿ ಝಿರ್ ಅನ್ನುತ್ತದೆಯೋ ಎಂದು ಕೇಳಿದೆ. ತೂತಿನ ಅಂಚಿಗೆ ಬಣ್ಣ ಬಳಿದಿರಲಿಲ್ಲ, ಮುಖದ ಗೆರೆಗಳು ಹಾಗೆಯೇ ಕೆಳಗೆ ಇಳಿದಿದ್ದವು. ಒಂದು ಬಿರಡೆ ಬಿಗಿಯಾಗಿತ್ತು, ಬದಲಾಯಿಸಿ ಕೊಡುತ್ತೇನೆಂದು ಅಂಗಡಿಯವರು ಒಪ್ಪಿದರು.

ಉಳಿದದ್ದು ಸುಳಿ. ಅತ್ತೆ ಕಣ್ಣೊರೆಸಿಕೊಂಡಿದ್ದರೇ ಹೊರತು ಪಟ್ಟು ಬಿಟ್ಟಿರಲಿಲ್ಲ. ಅವರ ಒಪ್ಪಿಗೆ ಇಲ್ಲದೆ ಆ ಮನೆಗೆ ಒಂದು ಸೌಟು ಸಹ ಹೋಗುವುದಿಲ್ಲ. ನಾನು ಮೊಬೈಲಿನ ಟಾರ್ಚ್ ಹಚ್ಚಿ, ಗಿಟಾರಿನ ತೂತಿನೊಳಗೆ ಬೆಳಕು ಬಿಟ್ಟು, "ಬರ್ರಿ ಇಲ್ಲಿ, ಒಳಗೆ ನೋಡ್ರಿ" ಅಂದೆ. ಅವರು ಬಗ್ಗಿ ನೋಡಿದರು. ಬೆನ್ನಿನ ಹಲಗೆಯ ಒಳಮೈ ಮೇಲೆ, ಹೊರಗೆ ಇದ್ದ ಜಾಗದಲ್ಲೇ, ಅದೇ ಸುಳಿ.

"ಪ್ಲೈವುಡ್ ಆಗಿದ್ರೆ ಹೊರಗೆ ಒಂದು ಪದರ, ಒಳಗೆ ಬ್ಯಾರೆ ಪದರ. ಹೊರಗಿನ ಸುಳಿ ಒಳಗೆ ಕಾಣ್ತಿರಲಿಲ್ಲ. ಇಲ್ಲಿ ಕಾಣ್ತೈತೆ. ಅಂದ್ರೆ ಒಂದೇ ಮರ. ಅದಕ್ಕೇ ಮಾವನ ಎದೆಗೆ ಹಂಗೆ ಬಡೀತು. ನಿಮ್ಮ ಸುಳಿನೇ ಇದಕ್ಕೆ ಗ್ಯಾರಂಟಿ" ಅಂದೆ. ಇಷ್ಟು ಹೇಳುವಷ್ಟರಲ್ಲಿ ನನಗೇ ಆಶ್ಚರ್ಯವಾಗಿತ್ತು. ಅವರು ಬೆನ್ನು ತಿರುಗಿಸಿ ನೋಡದಿದ್ದರೆ ನಾನು ಆ ಸುಳಿಯನ್ನು ಗಮನಿಸುತ್ತಲೇ ಇರಲಿಲ್ಲ.

ಅತ್ತೆ ಹೊರಗೊಮ್ಮೆ ನೋಡಿದರು, ಒಳಗೊಮ್ಮೆ ನೋಡಿದರು, ಮತ್ತೆ ಹೊರಗೆ ನೋಡಿದರು. "ಒಳಗೂ ಹೊರಗೂ ಒಂದೇ ಐತೆ. ಹಂಗಾರೆ ಮನುಷ್ಯರಿಗಿಂತ ವಾಸಿ. ಕಟ್ಟಿಕೊಡಪ್ಪ" ಎಂದು ಅಂಗಡಿಯವರಿಗೆ ಹೇಳಿದರು.

ಗಿಟಾರು ಮೊದಲು ನನ್ನ ಮನೆಗೆ ಬಂತು. ಬೆರಳ ತುದಿಗಳು ಮೆತ್ತಗಾಗಿಬಿಟ್ಟಿದ್ದವು. ಒಂದಷ್ಟು ದಿನ ಅನ್ನ ಕಲೆಸುವಾಗಲೂ ಉರಿಯುತ್ತಿದ್ದವು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಹಿಂದೆ ಥಾನುಗಳ ನಡುವೆ ಕೂತು ರೈಲು ಬಿಡುತ್ತಿದ್ದೆ. ಸೇತುವೆ ತಲುಪುವುದು ತಡವಾಯಿತು. ತಲುಪಿದ ಮೇಲೆ ಮಾತ್ರ ಹೆಬ್ಬೆರಳಿಗೆ ದಾರಿ ನೆನಪಿತ್ತು.

ಅವರೆಕಾಯಿಯ ಕಾಲ ಬಂದಾಗ, ಒಂದು ಭಾನುವಾರ, ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಹರಿಹರಕ್ಕೆ ಹೋದೆ. ಮಾವ ಈಗ ಇರುವುದು ಸ್ಟೇಷನ್ನಿಗೆ ಹತ್ತಿರದ ಸಣ್ಣ ಮನೆಯಲ್ಲಿ. ರೈಲು ಹೋದರೆ ಕಿಟಕಿ ಗಡಗಡ ಅನ್ನುತ್ತದೆ. ಆ ಗಡಗಡ ಮಾತ್ರ ತಮಗೆ ಗೊತ್ತಾಗುತ್ತದೆ ಎಂದು ಮಾವ ಕಿಟಕಿಯ ಪಕ್ಕದಲ್ಲೇ ಕೂತಿರುತ್ತಾರೆ. ಅತ್ತೆ ಬಾಗಿಲ ಹತ್ತಿರ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದರು.

ನಾನು ಮಂಚದ ಮೇಲೆ ಕೂತು, ಗಿಟಾರನ್ನು ಎದೆಯಿಂದ ಸ್ವಲ್ಪ ದೂರ ಹಿಡಿದೆ. ಮಾವ ಪಕ್ಕಕ್ಕೆ ಬಂದು ಕೂತು, ಕೈ ಚಾಚಿ, ಅಂಗೈಯನ್ನು ಬೆನ್ನಿನ ಹಲಗೆಯ ಮೇಲೆ ಇಟ್ಟರು. ಸುಳಿ ಇರುವ ಕಡೆಗೇ ಇಟ್ಟರು. ಬೇಕೆಂದು ಇಟ್ಟದ್ದೋ ಗೊತ್ತಿಲ್ಲ. ತಗಡು ಬಡಿದು ಬಡಿದು ಅವರ ಅಂಗೈ ಹಲಗೆಗಿಂತ ಗಟ್ಟಿಯಾಗಿತ್ತು. ಅದಕ್ಕೆ ಏನಾದರೂ ತಾಗುತ್ತದೆಯೋ ಇಲ್ಲವೋ ಎಂದು ನನಗೆ ಒಳಗೊಳಗೇ ಭಯ. ಇಷ್ಟು ದಿನ ನಾನು ಮಾಡಿದ್ದೆಲ್ಲ ಇದೊಂದು ಕ್ಷಣಕ್ಕೆ.

ರೈಲು ಸ್ಟೇಷನ್ ಬಿಟ್ಟಿತು. ಹೆಬ್ಬೆರಳು ನಿಧಾನಕ್ಕೆ ನಡೆಯಿತು, ಆಮೇಲೆ ಓಡಿತು. ಮಾವ ಕಣ್ಣು ಮುಚ್ಚಿಕೊಂಡಿದ್ದರು. ಬೆರಳು ನೋಡುತ್ತಿಲ್ಲ ಎಂದು ಅದರಿಂದಲೇ ನನಗೆ ಖಾತ್ರಿಯಾಯಿತು. ಸೇತುವೆ ಹತ್ತಿರ ಬಂತು. ಮೂರು ದಪ್ಪ ತಂತಿಗಳಿಗೆ ಒಟ್ಟಿಗೆ ಹೆಬ್ಬೆರಳು ಹಾಕಿದೆ.

"ಹೊಳೆ ಬಂತು" ಅಂದರು ಮಾವ, ಕಣ್ಣು ಮುಚ್ಚಿಕೊಂಡೇ.

ಈ ಸಲ ನಾನು ರೈಲನ್ನು ಬೀಳಿಸಲಿಲ್ಲ. ಬಾಗಿಲ ಹತ್ತಿರ ಅವರೆಕಾಯಿ ಬಿಡಿಸುವ ಸದ್ದು ನಿಂತಿತ್ತು. ಅತ್ತೆ ನಮ್ಮಿಬ್ಬರನ್ನೂ ನೋಡುತ್ತಾ ಕೂತಿದ್ದರು. ಸ್ವಲ್ಪ ಹೊತ್ತಿಗೆ ಮೂಗೊರೆಸಿಕೊಂಡು, ಮತ್ತೆ ಕಾಯಿಗೆ ಕೈ ಹಾಕಿ, ಎಷ್ಟೋ ವರ್ಷದ ಮೇಲೆ ಆ ಮಾತು ಹೇಳಿದರು.

"ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ."

ಮಾವನಿಗೆ ಅವರ ತುಟಿ ಅಲ್ಲಾಡಿದ್ದು ಕಂಡಿತೋ ಏನೋ. "ಏನಂತಾಳೆ?" ಎಂದು ನನ್ನನ್ನು ಕೇಳಿದರು. ನಾನು ನುಡಿಸುವುದನ್ನು ನಿಲ್ಲಿಸದೆ, ಬಾಯಿ ದೊಡ್ಡದಾಗಿ ತೆರೆದು, ಒಂದೊಂದೇ ಶಬ್ದ ಬಿಡಿಸಿ ಹೇಳಿದೆ. ಮಾವ ಅಂಗೈಯನ್ನು ಹಲಗೆಯಿಂದ ತೆಗೆಯಲಿಲ್ಲ.

"ಕೋಣಕ್ಕೆ ಕೇಳಿಸ್ತೈತೆ ಅಂತ ಹೇಳವ್ವ ಅವಳಿಗೆ."